ಕೇಳದಂತೆ ಚೆಂಡೆ ಬಾರಿಸುವುದು

ಕಲಾವಿದರೆಲ್ಲ ತಮ್ಮ ಕಲೆ ನಾಲ್ಕು ಜನರ ಕಿವಿಗೆ ಬೀಳಲಿ ಎಂದು ಹರಕೆ ಹೊರುತ್ತಾರೆ. ನಾನು ಒಬ್ಬರ ಕಿವಿಗೆ ಬೀಳದಿರಲಿ ಎಂದು ಹೊತ್ತವನು. ಆ ಒಬ್ಬರು ದುಬೈಯಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯ ನರ್ಸ್ ಪ್ರೆಸಿಲ್ಲಾ. ರಾತ್ರಿ ಡ್ಯೂಟಿ ಮುಗಿಸಿ ಹಗಲು ಮಲಗುವವರು. ನಾನೋ ಮಧ್ಯಾಹ್ನ ಆಫೀಸು ಮುಗಿಸಿ ಬಂದು ಯಕ್ಷಗಾನದ ಚೆಂಡೆ ಬಾರಿಸುವವನು.

ಊರಲ್ಲಿ ಯಕ್ಷಗಾನದ ಆಟ ಶುರುವಾಗುವ ಮುಂಚೆ 'ಕೇಳಿ' ಎಂದು ಚೆಂಡೆ ಬಾರಿಸುವುದುಂಟು. ಇವತ್ತು ಇಲ್ಲಿ ಆಟವಿದೆ ಎಂದು ಹೊಳೆಯಾಚೆಯವರಿಗೂ ಗೊತ್ತಾಗಬೇಕು, ಅದಕ್ಕೇ ಚೆಂಡೆಗೆ ಆ ಗಂಟಲು. ಅಂಥದ್ದನ್ನು ಒಂದು ಪುಟ್ಟ ಕೋಣೆಯಲ್ಲಿ ಕೂಡಿಹಾಕಲು ಹೊರಟ ನನ್ನ ಧೈರ್ಯವನ್ನು ನೀವು ಮೆಚ್ಚಬೇಕು. ಪ್ರೆಸಿಲ್ಲಾ ಜಗಳಕ್ಕೆ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ, "ಅಣ್ಣ, ನಿಮ್ಮ ಚೆಂಡೆ ಲಾಯ್ಕುಂಟು. ಆದ್ರೆ ನಿದ್ರೆ ಇಲ್ಲದಿದ್ರೆ ಇಂಜೆಕ್ಷನ್ ಕೊಡುವಾಗ ನನ್ನ ಕೈ ನಡುಗ್ತದೆ ಮಾರ್ರೆ" ಎಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನಗೆ ನಾಚಿಕೆಯಾಯಿತು. ಸದ್ದು ನಿಲ್ಲಿಸಲಾಗದಿದ್ದರೆ ಚೆಂಡೆಯನ್ನು ಊರಿಗೆ ಕಳಿಸಿಬಿಡುತ್ತೇನೆ ಎಂದು ಮಾತು ಕೊಟ್ಟೆ.

ಮೊದಲು ಗೋಡೆಗೆಲ್ಲ ಸ್ಪಂಜು ಅಂಟಿಸಿದೆ. ಸ್ಪಂಜು ಕೋಣೆಯೊಳಗಿನ ಪ್ರತಿಧ್ವನಿಯನ್ನು ನುಂಗುತ್ತದೆ, ಹೊರಗೆ ಹೊರಟ ಸದ್ದನ್ನು ತಡೆಯುವುದಿಲ್ಲ. ತಡೆಯಲು ತೂಕ ಬೇಕು, ಸಂದು ಇರಬಾರದು. ಸರಿ, ಎರಡು ಪದರ ಜಿಪ್ಸಮ್ ಹಲಗೆ ನಿಲ್ಲಿಸಿ, ಅದರ ಹಿಂದೆ ರಾಕ್‌ವೂಲ್ ಎಂಬ ಕಲ್ಲಿನ ಉಣ್ಣೆ ತುಂಬಿಸಿ, ಬಾಗಿಲಂಚಿಗೆ ರಬ್ಬರ್ ಪಟ್ಟಿ ಹೊಡೆಸಿದೆ. ಹುರುಪಿನಲ್ಲಿ ಏಸಿಯ ಕಿಂಡಿಯನ್ನೂ ಮುಚ್ಚಿದೆ. ಅದು ಜುಲೈ ತಿಂಗಳು. ಹೆಂಡತಿ ಸುಮ ಬಾಗಿಲು ತೆರೆದು, "ಒಳಗೆ ಕಡುಬು ಬೇಯ್ತಾ ಉಂಟಾ ಎಂತ?" ಎಂದಳು. ಕಿಂಡಿ ತೆರೆದೆ. ಜೀವವಿದ್ದರಲ್ಲವೇ ತಾಳ!

ಇಷ್ಟಾದರೂ ಪ್ರೆಸಿಲ್ಲಾರ ಕಣ್ಣ ಕೆಳಗಿನ ಕಪ್ಪು ಹೋಗಲಿಲ್ಲ. ಆಮೇಲೆ ಹೊಳೆಯಿತು. ಸದ್ದು ತಡೆಯುವುದನ್ನು ಕಲಿಯಲು ನಾನು ನೋಡಿದ ವಿಡಿಯೋಗಳಲ್ಲಿ ಎಲ್ಲರೂ ಕುರ್ಚಿಯಲ್ಲಿ ಕೂತು ಗಿಟಾರ್ ನುಡಿಸುವವರು. ನಾವು ನೆಲದಲ್ಲಿ ಚಕ್ಕಳಮಕ್ಕಳ ಕೂತು, ಚೆಂಡೆಯನ್ನೂ ನೆಲಕ್ಕೇ ಊರಿ ಬಾರಿಸುವ ಜನ. ಗೋಡೆಯನ್ನು ಕೋಟೆ ಮಾಡಿದ ಜಾಣ, ನನ್ನ ನೆಲವೇ ಅವರ ಸೂರು ಎಂಬುದನ್ನು ಮರೆತಿದ್ದೆ. ರಾಸ್ ಅಲ್ ಖೋರ್‌ನ ಗ್ಯಾರೇಜಿನಿಂದ ಹಳೇ ಟಯರಿನ ತುಂಡುಗಳನ್ನು ತಂದು, ಮೇಲೆ ದಪ್ಪ ಪ್ಲೈವುಡ್ ಹಾಸಿ ದೊಡ್ಡದೊಂದು ಮಣೆ ಮಾಡಿದೆ. ನಾನೂ ಚೆಂಡೆಯೂ ಅದರ ಮೇಲೇರಿದೆವು. "ಮದುಮಗನ ಹಾಗೆ ಕಾಣ್ತೀರಿ, ತಲೆ ಮಾತ್ರ ಬೋಳು" ಎಂದಳು ಸುಮ.

ಆ ಮಧ್ಯಾಹ್ನ ಕೈ ದಣಿಯುವಷ್ಟು ಬಾರಿಸಿದೆ. ಸದ್ದು ಪೂರ್ತಿ ನಿಂತಿರಲಿಲ್ಲ. ಅಡುಗೆಮನೆಯಲ್ಲಿದ್ದ ಸುಮಳಿಗೆ ಅಷ್ಟಿಷ್ಟು ಕೇಳುತ್ತಿತ್ತು. ಪೂರ್ತಿ ನಿಲ್ಲಿಸಲು ಕಟ್ಟಡವನ್ನೇ ಹೊಸದಾಗಿ ಕಟ್ಟಬೇಕು. ನನಗೆ ಬೇಕಾದದ್ದು ಒಬ್ಬರ ನಿದ್ರೆಯಷ್ಟೇ.

ಮರುದಿನ ಲಿಫ್ಟಿನಲ್ಲಿ ಪ್ರೆಸಿಲ್ಲಾರ ಮುಖ ಅರಳಿತ್ತು. "ಅಣ್ಣ, ನಿನ್ನೆ ನೀವು ಬಾರಿಸ್ಲೇ ಇಲ್ವಾ? ಹುಷಾರಿಲ್ವಾ? ನನಗೆ ಒಳ್ಳೆ ನಿದ್ರೆ ಬಂತು." ಬಾರಿಸಿದ್ದೆನಲ್ಲ, ಅದೂ ಎಷ್ಟು ಚೆನ್ನಾಗಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಸದ್ದಿದೆ ಎಂದು ಗೊತ್ತಾದರೆ ಮಲಗಿದವರು ಅದನ್ನೇ ಹುಡುಕುತ್ತಾ ಎದ್ದು ಕೂರುತ್ತಾರೆ. "ಸ್ವಲ್ಪ ಬಿಟ್ಟಿದ್ದೇನೆ" ಎಂದೆ.

ಅವರ ಪಾಲಿಗೆ ನಾನೀಗ ಚೆಂಡೆ ಬಿಟ್ಟವನು. ಬಿಟ್ಟ ಮೇಲೆ ನನ್ನ ಕೈ ಬಹಳ ಸುಧಾರಿಸಿದೆ.