ಜಪಮಾಲೆಯ ಸಂಜೆ ಹೋದ ವ್ಯಾನ್

1991ರಲ್ಲಿ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಪ್ಪ ಬೈದರು, ಟೀಚರ್ ಮನೆವರೆಗೆ ಬಂದು ಹೇಳಿದರು; ನಾನು ಕೇಳಲಿಲ್ಲ. ಮಂಗಳೂರಿನಲ್ಲಿ ಟೈಲ್ಸ್ ಕೂರಿಸುವ ಕೆಲಸ ಕಲಿತೆ. ಆ ಕೈಕೆಲಸವೇ ನನ್ನನ್ನು ಸಿಡ್ನಿಗೆ ತಂದಿತು. ಬೆವರು ಸುರಿಸಿ ತೆಗೆದ ಬಿಳಿ ವ್ಯಾನ್, ಅದರೊಳಗಿನ ಕಟಿಂಗ್ ಮಷೀನುಗಳು, ಇವೇ ನನ್ನ ಆಫೀಸು. ಅವಿಲ್ಲದಿದ್ದರೆ ಮರುದಿನದ ಕೆಲಸವೂ ಇಲ್ಲ.

2016ರ ಅಕ್ಟೋಬರ್. ನಮ್ಮ ಮಂಗಳೂರು ಕ್ಯಾಥೊಲಿಕರಿಗೆ ಅದು ಜಪಮಾಲೆಯ ತಿಂಗಳು. ಒಂದೊಂದು ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನೆ. ಅಂದು ಸಿಡ್ನಿಯ ಬ್ಲ್ಯಾಕ್‌ಟೌನಿನ ನಮ್ಮ ಮನೆಯಲ್ಲಿತ್ತು. ತಡವಾಗಿ ಬಂದವರು ಬೆಲ್ ಹೊಡೆಯಬಾರದೆಂದು ಮುಂಬಾಗಿಲು ತೆರೆದಿಟ್ಟಿದ್ದೆವು. ಅಡ್ಡ ನಿಂತ ಗಾಡಿಯನ್ನು ಯಾರು ಬೇಕಾದರೂ ತೆಗೆಯಲಿ ಎಂದು ಎಲ್ಲರ ಕೀಲಿಗಳೂ ಚಪ್ಪಲಿ ಸ್ಟ್ಯಾಂಡಿನ ಮೇಲೆಯೇ ಇದ್ದವು. ಮಂಡಿಯೂರಿ ಕಣ್ಣು ಮುಚ್ಚಿದ್ದಾಗ ನನ್ನ ವ್ಯಾನ್ ಸ್ಟಾರ್ಟ್ ಆದದ್ದು ಕೇಳಿತು. ಯಾರೋ ಜಾಗ ಮಾಡುತ್ತಿದ್ದಾರೆ ಅಂದುಕೊಂಡು ಜಪ ಮುಂದುವರಿಸಿದೆ.

ಮುಗಿಸಿ ಹೊರಗೆ ಬಂದರೆ ವ್ಯಾನಿಲ್ಲ.

“ಯಾರು ತೆಗೆದದ್ದು ಮಾರಾಯ್ರೆ?” ಎಂದೆ. ಯಾರೂ ತೆಗೆದಿರಲಿಲ್ಲ; ಸ್ಟ್ಯಾಂಡಿನ ಮೇಲೆ ನನ್ನ ಕೀಲಿಯೂ ಇರಲಿಲ್ಲ.

“ಅಯ್ಯೋ ದೇವರೇ, ಇಷ್ಟು ಜನ ಇರುವಾಗ ಕಳ್ಳ ಒಳಗೆ ಬಂದು ಹೋದನಾ?” ಎಂದಳು ಹೆಂಡತಿ ಲವೀನಾ.

ಪೊಲೀಸರಿಗೆ ದೂರು ಕೊಟ್ಟೆ. ಕದ್ದ ವಾಹನ ಹುಡುಕಲು ಅವರಿಗೆ ನೆರವಾಗುವ ಸ್ವಯಂಸೇವಕರ ಗುಂಪೊಂದು ನಮ್ಮ ಸಬರ್ಬಿನಲ್ಲಿತ್ತು. ಓಡಾಡುವಾಗ ಕಣ್ಣಿಡುವುದು, ಕಂಡರೆ ಫೋನ್ ಮಾಡುವುದು, ಅಷ್ಟೇ ಅವರ ಕೆಲಸ. ಮೈಸೂರಿನ ರಿಟೈರ್ಡ್ ಇಂಜಿನಿಯರ್ ಮೂರ್ತಿ ಅಂಕಲ್ ಅದರಲ್ಲಿದ್ದರು. ವ್ಯಾನಿನ ಫೋಟೋ ಅವರಿಗೆ ಕಳಿಸಿದೆ.

ಆ ವಾರವೇ ಒಂದು ಬೆಳಿಗ್ಗೆ ಅವರ ಫೋನ್ ಬಂತು. “ಪಾರ್ಕ್ ಹಿಂದೆ ಒಂದು ಬಿಳಿ ವ್ಯಾನ್ ನಿಂತಿದೆ ಕಣಪ್ಪಾ. ನಂಬರ್ ಬೇರೆ. ಆದ್ರೆ ಮುಂದಿನ ಗ್ಲಾಸ್ ಹತ್ರ ಒಣಗಿದ ಗರೀಲಿ ಮಾಡಿದ ಕ್ರಾಸ್ ಇದೆ. ನಿಂದೇನಾ? ಪೊಲೀಸ್‌ಗೆ ಹೇಳಿದೀನಿ.”

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಲವೀನಾ ಸಿಕ್ಕಿಸಿದ್ದ ಶಿಲುಬೆ! ಇನ್ನೊಂದು ಕೀಲಿ ಹಿಡಿದು ಓಡಿದೆ. ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅಂಕಲ್ ನನ್ನ ಶರ್ಟು ಹಿಡಿದು ಎಳೆದರು.

“ಬಿಡಿ ಅಂಕಲ್, ನಾನು ದುಡಿದು ತೆಗೆದ ವ್ಯಾನ್ ಇದು.”

“ಯಾರು ಇಲ್ಲ ಅಂದ್ರು? ಪೊಲೀಸ್ ಬರೋವರೆಗೂ ಮುಟ್ಟಬಾರದು, ಅದು ನಮ್ಮ ರೂಲು.”

“ಎಪ್ಪತ್ತು ದಾಟಿದವರು ನೀವು, ನಿಮಗೆ ಹೆದರಿಕೆ. ನನಗೆ ಎಂತದು?”

“ಹೆದರಿಕೆ ಇದ್ದಿದ್ದಕ್ಕೇ ಕಣೋ ಎಪ್ಪತ್ತು ದಾಟಿದ್ದು! ಬಾ ಈ ಕಡೆ,” ಎಂದು ಮರದ ಹಿಂದಕ್ಕೆ ಎಳೆದುಕೊಂಡು ಹೋದರು.

ಪೊಲೀಸರು ಬಂದು ವ್ಯಾನಿನ ಹಿಂಬಾಗಿಲು ಬಡಿದರು. ಖಾಲಿ ಎಂದುಕೊಂಡಿದ್ದ ವ್ಯಾನಿನಿಂದ ಇಬ್ಬರು ಇಳಿದರು. ಒಬ್ಬನ ಕೈಯಿಂದ ಕೆಳಗೆ ಬಿದ್ದದ್ದು ಮೊಳದುದ್ದದ ಚೂರಿ.

ಅಂಕಲ್ ಮುಖ ಬಿಳಿಚಿಕೊಂಡಿತ್ತು. ನನ್ನ ಶರ್ಟನ್ನು ಅವರು ಇನ್ನೂ ಬಿಟ್ಟಿರಲಿಲ್ಲ.

ಮಷೀನುಗಳಲ್ಲಿ ಅರ್ಧ ಸಿಕ್ಕಲಿಲ್ಲ; ಮತ್ತೆ ದುಡಿದು ತೆಗೆದೆ. ಈಗ ನಾನೂ ಅಂಕಲ್ ಇರುವ ಆ ಸ್ವಯಂಸೇವಕರ ಗುಂಪಿನಲ್ಲಿದ್ದೇನೆ. ಆದರೂ ವ್ಯಾನಿನ ಹಿಂಬಾಗಿಲು ತೆರೆಯುವ ಮುಂಚೆ ಇವತ್ತಿಗೂ ಒಮ್ಮೆ ಬಡಿದು ನೋಡುತ್ತೇನೆ. ನನಗಿಂದು ಎರಡು ವ್ಯಾನ್‌ಗಳಿವೆ, ಜೊತೆಗೆ ದುಡಿಯುವವರು ಮೂವರು, ಒಂದು ಮನೆ, ಹೆಂಡತಿ, ಇಬ್ಬರು ಮಕ್ಕಳು. ಅಂಕಲ್ ಅಂದು ಶರ್ಟು ಹಿಡಿದೆಳೆದ ಕಾರಣ ಮೈಮೇಲೆ ಗಾಯ ಒಂದೂ ಇಲ್ಲ.