ಗಾನಿಷನ ಗಾಡಿ ಒಂದು ಗೇಣು ಎತ್ತರವಾದದ್ದು

ಗಾನಿಷ್ ಎರೆಕಾ ಮೂವತ್ತೊಂದು ಬೇಸಿಗೆ ಬೆಟ್ಟಕ್ಕೆ ಬುತ್ತಿ ಸಾಗಿಸಿದವನು. ಉತ್ತರ ನೆವಾಡಾದ ಆ ಸೀಮೆಯಲ್ಲಿ ಮೈತೆಯ ಮನೆತನದ ಎರಡು ಸಾವಿರ ಕುರಿಗಳು ಜೂನ್ ತಿಂಗಳಲ್ಲಿ ಬೆಟ್ಟ ಹತ್ತಿದರೆ ಇಳಿಯುವುದು ಅಕ್ಟೋಬರ್ ಕೊನೆಗೆ. ಅವುಗಳ ಜೊತೆಗಿರುವ ಕುರಿಗಾಹಿ ಮಂದೆ ಬಿಟ್ಟು ಒಂದು ದಿನವೂ ಕೆಳಗೆ ಬರುವಂತಿಲ್ಲ. ಅವನಿಗೆ ಬ್ರೆಡ್ಡು, ಬೀನ್ಸು, ನೀರು, ನಾಯಿಗಳ ತಿನಿಸು, ಕುರಿಗಳ ಉಪ್ಪು, ಹೆಂಡತಿಯ ಸಂದೇಶಗಳನ್ನು ಊರಲ್ಲಿ ತುಂಬಿಸಿ ತಂದ ಫೋನು, ಇಷ್ಟನ್ನೂ ವಾರಕ್ಕೊಮ್ಮೆ ಮುಟ್ಟಿಸುವುದು ಗಾನಿಷನ ಕೆಲಸ. ಆ ಕೆಲಸ ಬಿಟ್ಟರೆ ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಇಸ್ಪೀಟಿನ ಹುಚ್ಚೂ ಇಲ್ಲ. ವಯಸ್ಸು ಅರವತ್ತೊಂಬತ್ತು, ಎತ್ತರ ಐದಡಿ ಮೂರಿಂಚು. ಕುಳ್ಳರಿಗೆ ಜಂಬ ಹೆಚ್ಚು ಎನ್ನುವುದು ಎಲ್ಲರ ಮಟ್ಟಿಗೆ ನಿಜವೋ ಸುಳ್ಳೋ, ಗಾನಿಷನ ಮಟ್ಟಿಗೆ ಮಾತ್ರ ನಿಜ.

ಹೋದ ವರ್ಷ ಆಗಸ್ಟಿನಲ್ಲಿ ಮೋಡ ಒಡೆದಂತೆ ಮಳೆ ಬಂದು ಕಣಿವೆಯ ದಾರಿಯನ್ನು ಕೊಚ್ಚಿಕೊಂಡು ಹೋಗಿತ್ತು. ಅದರ ಮರುದಿನ ಬುತ್ತಿ ತುಂಬಿಕೊಂಡು ಹೊರಟ ಪಿಕಪ್ಪಿನ ಹೊಟ್ಟೆ ಬಂಡೆಗೆ ಬಡಿದು, ಎಣ್ಣೆಯೆಲ್ಲ ಸೋರಿ, ಗಾಡಿ ನಡುದಾರಿಯಲ್ಲಿ ಕೂತುಬಿಟ್ಟಿತು. ಮೇಲೆ ಕುರಿ ಕಾಯುತ್ತಿದ್ದ ಪೆರು ದೇಶದ ಫಾವುಸ್ತೊ ಐದು ದಿನ ನಾಯಿಗಳ ಜೊತೆ ಬೇಯಿಸಿದ ಜೋಳ ಹಂಚಿಕೊಂಡು ತಿಂದ. ಅವನು ಒಂದು ಮಾತೂ ದೂರಲಿಲ್ಲ. ಹಾಗೆ ದೂರದೇ ಇದ್ದದ್ದೇ ಮೈತೆಗೆ ಚುಚ್ಚಿತು. ಅಪ್ಪ ಸತ್ತ ಮೇಲೆ ದೊಡ್ಡಿಯ ಯಜಮಾನಿಕೆ ಅವಳದ್ದೇ. ಚಳಿಗಾಲ ಕಳೆಯುತ್ತಲೇ ಗಾಡಿಯನ್ನು ಲಾರ್ನಾಳ ಶೆಡ್ಡಿಗೆ ಕಳಿಸಿದಳು.

ಸುತ್ತಲ ನೂರು ಮೈಲಿಯಲ್ಲಿ ಗಾಡಿಗಳನ್ನು ಎತ್ತರಿಸುವುದರಲ್ಲಿ ಲಾರ್ನಾಳನ್ನು ಮೀರಿಸಿದವರಿಲ್ಲ. ಅವಳು ಹಿಂದಿನ ಕಮಾನು ಪಟ್ಟಿಗಳನ್ನು ಕಿತ್ತು ಭಾರದವನ್ನು ಹಾಕಿದಳು. ಮುಂದೆ ಉದ್ದನೆಯ ಸ್ಪ್ರಿಂಗು, ನಾಲ್ಕು ಕಡೆ ತೋಳು ದಪ್ಪದ ಶಾಕ್ ಅಬ್ಸಾರ್ಬರು, ಎಂಜಿನ್ನಿನ ಕೆಳಗೆ ಉಕ್ಕಿನ ತಗಡು, ಮುಂದಿನ ಬಂಪರಿಗೆ ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ವಿಂಚು. ಸಾಲದ್ದಕ್ಕೆ ಸೊಂಟದೆತ್ತರದ ಟೈರುಗಳು. ಎಲ್ಲ ಸೇರಿ ಗಾಡಿ ಒಂದು ಗೇಣು ಮೇಲೆದ್ದಿತು.

ಕೆಲಸ ಮುಗಿಯುವ ಮುಂಚೆ ಗಾನಿಷ್ ನೋಡಲು ಹೋಗಿದ್ದ.

"ರೀ ಗಾನಿಷ್, ಬಾಗಿಲ ಕೆಳಗೆ ಫುಟ್‌ಬೋರ್ಡು ಹಾಕ್ಲಾ?" ಎಂದಳು ಲಾರ್ನಾ.

"ಯಾರಿಗೆ?"

"ಹತ್ತೋರಿಗೆ."

"ಫುಟ್‌ಬೋರ್ಡು ಚರ್ಚಿಗೆ ಹೋಗೋ ಅಜ್ಜೀರಿಗೆ ಬೇಕು ಕಣಮ್ಮ. ಆ ದಾರೀಲಿ ಮೊದಲನೇ ಬಂಡೆಗೇ ತಗುಲಿ ಮುರಿದುಹೋಗುತ್ತೆ."

"ಮುರೀದ ಹಾಗೆ ಚಾಸಿಗೇ ಸೇರಿಸಿ ಒಳಗೆ ಮಡಚಿ ಕೂರಿಸ್ತೀನಿ. ನಿಮ್ಮ ಸೊಂಟ ಹೇಗಿದೆ ಈಗ?"

"ನನ್ನ ಸೊಂಟ ನನ್ನ ಪ್ಯಾಂಟೊಳಗಿದೆ. ನೀನು ಗಾಡಿ ನೋಡು."

ಸೊಂಟದ ಸಂಗತಿ ಎಂದರೆ, ಜನವರಿಯಲ್ಲಿ ಮಂಜುಗಟ್ಟಿದ ಅಂಗಳದಲ್ಲಿ ಅವನು ಎಲ್ಲರೆದುರೇ ಜಾರಿ ಬಿದ್ದಿದ್ದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಎದ್ದು ನಡೆದದ್ದೇನೋ ಸರಿ, ಅಂದಿನಿಂದ ಎಡಗಾಲು ಮೊಣಕಾಲೆತ್ತರಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳದಿರಲು ಕಾರಣವಿತ್ತು. ಅವನಿಗಿಂತ ಮುಂಚೆ ಬುತ್ತಿ ಗಾಡಿ ಓಡಿಸುತ್ತಿದ್ದ ಪೆಲ್ಲೊ ಎಂಬ ಮುದುಕನಿಗೆ ಉಪ್ಪಿನ ಮೂಟೆ ಎತ್ತಲಾಗುತ್ತಿಲ್ಲ ಎಂದು ತಿಳಿದ ವಾರವೇ ಮೈತೆಯ ಅಪ್ಪ ಅವನನ್ನು ಮರಿಗಳ ಕೊಟ್ಟಿಗೆಯ ಕಸ ಗುಡಿಸಲು ಹಾಕಿದ್ದ. ಪೆಲ್ಲೊ ಒಂದೇ ಚಳಿಗಾಲದಲ್ಲಿ ಕುಗ್ಗಿಹೋದ. ಅವನ ಕೈಯಿಂದ ಗಾಡಿಯ ಬೀಗದ ಕೈ ತೆಗೆದುಕೊಂಡವನು ಗಾನಿಷ್. ಆ ಮುಖ ಅವನಿಗೆ ಮರೆತಿರಲಿಲ್ಲ.

ಗಾಡಿ ಬಂದ ದಿನ ದೊಡ್ಡಿಯವರೆಲ್ಲ ಸುತ್ತ ನೆರೆದು ಹೊಗಳಿದರು. "ಹತ್ತು ಮಾಮ, ಒಂದು ಸುತ್ತು ಹೊಡ್ಕೊಂಡು ಬಾ," ಎಂದಳು ಮೈತೆ. ಹುಟ್ಟಿದಾಗಿನಿಂದ ಅವನನ್ನು ನೋಡುತ್ತಾ ಬಂದವಳಿಗೆ ಅವನು ಮಾಮನೇ. ಗಾನಿಷ್ ಬಾಗಿಲು ತೆರೆದ. ಮೆಟ್ಟಬೇಕಾದ ಜಾಗ ಅವನ ಸೊಂಟಕ್ಕಿಂತ ಸ್ವಲ್ಪವೇ ಕೆಳಗಿತ್ತು. ಬಾಗಿಲು ಹಾಕಿ, ಟೈರಿನ ಮುಂದೆ ಕೂತು, ಅದರ ಪ್ರತಿಯೊಂದು ಗೀರನ್ನೂ ಬೆರಳಾಡಿಸಿ ನೋಡತೊಡಗಿದ. ಅರ್ಧ ಗಂಟೆಯ ಮೇಲೆ ಎಲ್ಲರಿಗೂ ಬೇಜಾರಾಗಿ ಊಟಕ್ಕೆ ಹೋದರು. ಆಮೇಲೆ ಅವನು ಹಾಲಿನ ಬಾಟಲಿಯ ಖಾಲಿ ಕ್ರೇಟೊಂದನ್ನು ಹುಡುಕಿ ತಂದು ಬೋರಲು ಹಾಕಿ, ಅದರ ಮೇಲೆ ನಿಂತು, ಸ್ಟೀರಿಂಗು ಹಿಡಿದು ಜೋತಾಡಿ ಒಳಗೆ ಸೇರಿಕೊಂಡ. ಕ್ರೇಟಿಗೆ ಹಗ್ಗ ಕಟ್ಟಿದ್ದ. ಬಾವಿಯಿಂದ ಕೊಡ ಸೇದುವಂತೆ ಸೇದಿ ಅದನ್ನೂ ಒಳಗೆ ಎಳೆದುಕೊಂಡ.

ಗಾಡಿಯ ಮಾತೇ ಬೇರೆ. ಮೊದಲು ಬೆನ್ನಿನ ಮಣಿಗಳನ್ನು ಎಣಿಸಿಕೊಂಡು ಹೋಗುತ್ತಿದ್ದ ದಾರಿಯಲ್ಲಿ ಈಗ ಗಾಡಿ ಒಂದೊಂದು ಕಲ್ಲನ್ನೂ ಕೇಳಿ ವಿಚಾರಿಸಿಕೊಂಡು ದಾಟುತ್ತಿತ್ತು. ಬಂಡೆ ಹೊಟ್ಟೆಗೆ ತಗುಲುವ ಸದ್ದೇ ಇಲ್ಲ. ನೀರಿನ ಪೀಪಾಯಿಗಳು ಅಲುಗುತ್ತಿರಲಿಲ್ಲ. ಕಣಿವೆ ದಾಟಿದ ಮೊದಲ ಸಲ ಗಾನಿಷ್ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕ. ಒಳಗಿದ್ದಾಗ ಅವನು ಇಪ್ಪತ್ತೈದರ ಹುಡುಗ, ಕೆಳಗಿಳಿದರೆ ಮಾತ್ರ ಗ್ರಹಚಾರ.

ಮೂರನೆಯ ವಾರ ಆ ಗ್ರಹಚಾರ ಕೆಟ್ಟಿತು. ಫಾವುಸ್ತೊ ಇಳಿದುಕೊಂಡಿದ್ದ, ಗಾಡಿಗೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆಯ ಹಿಂದೆ ಮರೆಯಲ್ಲಿ ಕ್ರೇಟು ಹಾಕಿ ಹತ್ತಿದವನು ಅದನ್ನು ಒಳಗೆ ಸೇದಿಕೊಳ್ಳಲು ಮರೆತು, ಗಾಡಿ ತಿರುಗಿಸುವಾಗ ಅದರ ಮೇಲೇ ಹತ್ತಿಸಿಬಿಟ್ಟ. ಫಟ್ಟೆಂದು ಪುಡಿಯಾಯಿತು. ಫಾವುಸ್ತೊ ಬಂದು ಚೂರುಗಳನ್ನು ನೋಡಿದ. ಅದಕ್ಕೆ ಕಟ್ಟಿದ್ದ ಹಗ್ಗ ನೋಡಿದ. ಗಾಡಿಯ ಎತ್ತರ ನೋಡಿದ.

"ಒಲೆಗೆ ಆಗುತ್ತೆ," ಎನ್ನುತ್ತಾ ಪ್ಲಾಸ್ಟಿಕ್ಕಿನ ಚೂರುಗಳನ್ನು ಎತ್ತಿಕೊಂಡು ಹೋದ. ಪ್ಲಾಸ್ಟಿಕ್ಕನ್ನು ಯಾರೂ ಒಲೆಗೆ ಹಾಕುವುದಿಲ್ಲ.

ಮುಂದಿನ ವಾರ ಗಾನಿಷ್ ಹೊಸ ಕ್ರೇಟಿನೊಂದಿಗೆ ಹೋದಾಗ ಫಾವುಸ್ತೊ ದಾರಿಗೇ ಬಂದು ಕೈ ಅಡ್ಡ ಹಿಡಿದು, ತನ್ನ ಸೀಮೆಯಲ್ಲಿ ಹಿರಿಯರಿಗೆ ಮರ್ಯಾದೆಗೆ ಸೇರಿಸುವ ‘ದೋನ್’ ಸೇರಿಸಿ ಕರೆದ. "ದೋನ್ ಗಾನಿಷ್, ಇಲ್ಲಿ ಬೇಡ. ಅಲ್ಲಿ ಆ ಬಂಡೆ ಪಕ್ಕ ಹಾಕಿ. ನಿಮ್ಮ ಬಾಗಿಲು ಬಂಡೆ ಕಡೆಗಿರ್ಲಿ. ಅಲ್ಲಿ ನೆರಳಿದೆ."

ಬಂಡೆ ಮೊಣಕಾಲೆತ್ತರದ್ದು. ಅದರ ನೆರಳಲ್ಲಿ ಓತಿಕ್ಯಾತ ಮಲಗಬಹುದಿತ್ತು, ಅಷ್ಟೇ. ಬೆಟ್ಟದ ಮೇಲೆ ಒಬ್ಬನೇ ಇದ್ದು ಇವನ ತಲೆ ಕೆಡುತ್ತಿದೆ ಎಂದುಕೊಂಡು ಗಾನಿಷ್ ಗೊಣಗುತ್ತಲೇ ನಿಲ್ಲಿಸಿದ. ಹೊರಡುವಾಗ ಬಂಡೆಯ ಮೇಲೆ ಕಾಲಿಟ್ಟರೆ ಸೀಟು ನೇರವಾಗಿ ಸಿಕ್ಕಿತು. ಅದೃಷ್ಟ ಎಂದುಕೊಂಡ. ಅಲ್ಲಿಂದ ಮುಂದೆ ಪ್ರತಿ ವಾರವೂ ಅದೃಷ್ಟ. ತಿನಿಸಿನ ಅಂಗಡಿಯವನು, "ಇನ್ಮೇಲೆ ಗಾಡಿ ಜಗಲಿಗೆ ಹೊಂದಿಸಿ ನಿಲ್ಸಪ್ಪ, ನನ್ನ ಆಳಿಗೆ ಮೂಟೆ ಹಾಕೋಕೆ ಸಲೀಸು," ಎಂದ. ದೊಡ್ಡಿಯ ಗೇಟಿನ ಪಕ್ಕ ಮೈತೆ ಕಾಲುವೆ ತೋಡಿದ ಮಣ್ಣನ್ನು ಗುಡ್ಡೆ ಹಾಕಿಸಿದಳು, ತೆಗೆಸಲೇ ಇಲ್ಲ. "ನಿಮ್ಮಪ್ಪ ಇದ್ದಿದ್ರೆ ಹೀಗೆ ಕಸ ಬಿಡ್ತಿರಲಿಲ್ಲ," ಎಂದು ಗಾನಿಷ್ ವಾರಕ್ಕೆರಡು ಸಲ ಅವಳನ್ನು ಬೈದ. ಬೈದು, ಅದೇ ಗುಡ್ಡೆ ಹತ್ತಿ ಗಾಡಿಯೊಳಗೆ ಕೂತ. ಕ್ರೇಟು ಸೀಟಿನ ಹಿಂದೆ ಧೂಳು ತಿನ್ನುತ್ತಾ ಬಿದ್ದಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ?

ಅಕ್ಟೋಬರಿನಲ್ಲಿ ಫಾವುಸ್ತೊನ ಮೂರು ವರ್ಷದ ಒಪ್ಪಂದ ಮುಗಿಯಿತು. ಅವನ ಜಾಗಕ್ಕೆ ಬಂದ ಸಬಿನೊ ಮೂವತ್ತನಾಲ್ಕರ ಗಂಡಸು, ಮಾತು ಕಡಿಮೆ, ಅಂಜಿಕೆ ಹೆಚ್ಚು. ಒಂದು ವಾರ ಇಬ್ಬರೂ ಜೊತೆಗಿದ್ದರು. ಫಾವುಸ್ತೊನನ್ನು ಕೆಳಗೆ ಕರೆತರಲು ಹೋದ ದಿನ ಗಾನಿಷ್ ಒರತೆಯಲ್ಲಿ ಮುಖ ತೊಳೆದು ಬರುವಾಗ ಚಕ್ರದ ಮನೆಯ ಆಚೆಯಿಂದ ಮಾತು ಕೇಳಿಸಿತು. ಫಾವುಸ್ತೊ ಕೊನೆಯ ಪಾಠ ಒಪ್ಪಿಸುತ್ತಿದ್ದ.

"ಪೂರ್ವದ ಇಳಿಜಾರಲ್ಲಿ ವಿಷದ ಗಿಡ ಇದೆ, ಮಂದೆ ಬಿಡಬೇಡ. ಬಿಳಿ ನಾಯಿ ಕಚ್ಚುತ್ತೆ, ಕರಿ ನಾಯಿ ಕದಿಯುತ್ತೆ. ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. ದೋನ್ ಗಾನಿಷರ ಗಾಡಿ ಯಾವಾಗ್ಲೂ ಆ ಬಂಡೆ ಪಕ್ಕಾನೇ ನಿಲ್ಬೇಕು. ಅವರಿಗೆ ಕಾಲು ಎತ್ತೋಕಾಗಲ್ಲ."

"ಯಾಕೆ ಅಂತ ಕೇಳಿದ್ರೆ?"

"ನೆರಳು ಅನ್ನು. ನಮ್ಗೆ ಗೊತ್ತು ಅಂತ ಅವ್ರಿಗೆ ಗೊತ್ತಾಗ್ಬಾರ್ದು. ಅಂಗಡಿಯೋರು, ಮೈತೆಯಮ್ಮ, ಯಾರೂ ಹೇಳಿಲ್ಲ, ಅಮ್ಮಾವ್ರೇ ಫೋನಲ್ಲಿ ಸಂದೇಶ ಹಾಕಿ ಕಳಿಸಿದ್ರು. ನೀನೂ ಹೇಳ್ಬೇಡ."

ಗಾನಿಷ್ ಒದ್ದೆ ಮುಖದಲ್ಲೇ ನಿಂತ. ಮೊದಲು ಸಿಟ್ಟು ಬಂತು. ನಾಲ್ಕು ತಿಂಗಳಿಂದ ತಾನು ಊರಿಗೆಲ್ಲ ಕುಂಟ, ತನ್ನೊಬ್ಬನಿಗೆ ಮಾತ್ರ ಶೂರ. ಆಮೇಲೆ ನಾಚಿಕೆಯಾಯಿತು, ಅದು ಕಿವಿಯವರೆಗೂ ಸುಟ್ಟಿತು. ಮಣ್ಣಿನ ಗುಡ್ಡೆಗಾಗಿ ಮೈತೆಯನ್ನು ಬೈದದ್ದು ನೆನಪಾದಾಗ ಮಾತ್ರ ಒರತೆಗೆ ಹಿಂತಿರುಗಿ ಇನ್ನೊಮ್ಮೆ ಮುಖ ತೊಳೆದ.

ಇಳಿಯುವ ದಾರಿಯಲ್ಲಿ ಟಾರು ರಸ್ತೆ ಕಂಡಾಗ ಗಾನಿಷ್, "ಆ ಬಂಡೆ ನೆರಳು ಚೆನ್ನಾಗಿತ್ತು ಕಣೋ," ಎಂದ.

"ಹೌದು ದೋನ್. ತಂಪಾದ ನೆರಳು," ಎಂದು ಫಾವುಸ್ತೊ ಕಿಟಕಿಯ ಕಡೆ ತಿರುಗಿಕೊಂಡ.

ಸಂಜೆ ಗಾನಿಷ್ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಮೈತೆಯ ಮುಂದೆ ನಿಂತ. ಅವಳು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ನನ್ಗೆ ಆ ಗಾಡಿ ಹತ್ತೋಕಾಗಲ್ಲ ಮೈತೆ," ಎಂದ. ಹೇಳಿ ಮುಗಿಸುವಷ್ಟರಲ್ಲಿ ದನಿ ಸಣ್ಣದಾಗಿತ್ತು. ಕೀಲಿಯನ್ನು ಮೇಜಿನ ಮೇಲಿಟ್ಟ.

"ಗೊತ್ತು ಮಾಮ."

"ಯಾವತ್ತಿಂದ?"

"ಗಾಡಿ ಬಂದ ದಿನದಿಂದ. ಹೊಸ ಟೈರಲ್ಲಿ ಅರ್ಧ ಗಂಟೆ ನೋಡೋಕೇನಿರುತ್ತೆ?"

"ಸರಿ ಹಾಗಾದ್ರೆ. ಮರಿ ಕೊಟ್ಟಿಗೆ ಪೊರಕೆ ಎಲ್ಲಿದೆ ಹೇಳು."

ಮೈತೆ ಚಾಕು ಕೆಳಗಿಟ್ಟಳು. ಈಗ ಸಿಟ್ಟು ಬಂದದ್ದು ಅವಳಿಗೆ. "ಅಪ್ಪ ಪೆಲ್ಲೊಗೆ ಮಾಡಿದ್ದು ತಪ್ಪು. ಸಾಯೋ ಮುಂಚೆ ಅಪ್ಪನೇ ನನ್ನ ಹತ್ರ ಒಪ್ಕೊಂಡ. ಅದೇ ತಪ್ಪನ್ನ ನಾನೂ ಮಾಡ್ತೀನಿ ಅಂದ್ಕೊಂಡ್ಯಾ? ಆ ದಾರಿ ನಿನ್ನಷ್ಟು ಯಾರಿಗೆ ಗೊತ್ತು? ಕಾಲು ಹತ್ತದಿದ್ರೆ ಫುಟ್‌ಬೋರ್ಡು ಹಾಕಿಸ್ಬಹುದು ಮಾಮ. ನಿನ್ನ ತಲೆಗೆ ಏನು ಹಾಕಿಸ್ಲಿ?"

"ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೇ ಕೆಲಸ ಬಿಟ್ಟು ಹೋಗ್ತಿದ್ದೆ. ನಿನ್ನ ನಾನು ನೋಡಿಲ್ವಾ?" ಕೀಲಿಯನ್ನು ಅವನ ಕಡೆಗೆ ತಳ್ಳಿದಳು. "ಕೂತ್ಕೋ. ಸೂಪು ಆಗ್ತಾ ಇದೆ."

ಗಾನಿಷ್ ಕೂತ. ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನವೇ ಲಾರ್ನಾ ಫುಟ್‌ಬೋರ್ಡು ಕೂರಿಸಿದಳು. ಬೋಲ್ಟು ಬಿಗಿಯುವಷ್ಟು ಹೊತ್ತೂ ಸಿಳ್ಳೆ ಹಾಕುತ್ತಿದ್ದಳು. ಗಾನಿಷ್ ಅವಳ ಎದುರೇ ಮೂರು ಸಲ ಹತ್ತಿ ಇಳಿದ. ಸೊಂಟಕ್ಕೆ ಏನೂ ಆಗಲಿಲ್ಲ.

ಮುಂದಿನ ಬುಧವಾರ ಬೆಟ್ಟಕ್ಕೆ ಹೋದಾಗ ವರ್ಷದ ಮೊದಲ ಹಿಮ ಉದುರುತ್ತಿತ್ತು. ಬಾನು ಬೂದಿಯಾಗಿತ್ತು, ಸೂರ್ಯ ಎಲ್ಲಿದ್ದಾನೆಂದು ಹೇಳುವಂತಿರಲಿಲ್ಲ. ಸಬಿನೊ ಓಡಿ ಬಂದು ದಾರಿಗೆ ಅಡ್ಡ ನಿಂತ. ಅವನೊಬ್ಬನೇ ನಿಭಾಯಿಸುತ್ತಿದ್ದ ಮೊದಲ ವಾರ ಅದು. ಬಾಯಿಪಾಠ ಮಾಡಿದ್ದು ಎಲ್ಲಿ ತಪ್ಪೀತೋ ಎಂಬಂತೆ ಅವನ ಮುಖ ಬಿಗಿದುಕೊಂಡಿತ್ತು.

"ದೋನ್ ಗಾನಿಷ್, ಗಾಡಿ ಆ ಬಂಡೆ ಪಕ್ಕ ಹಾಕಿ. ನಿಮ್ಮ ಬಾಗಿಲು ಆ ಕಡೆಗಿರ್ಲಿ. ಅಲ್ಲಿ... ಅಲ್ಲಿ ನೆರಳಿದೆ."

ಅವನ ಟೋಪಿಯ ಮೇಲೆ ಹಿಮ ಕೂತಿತ್ತು. ಗಾನಿಷ್ ತಲೆಯೆತ್ತಿ ಬಾನನ್ನೊಮ್ಮೆ ನೋಡಿದ.

"ಹೌದಪ್ಪ, ಇವತ್ತು ಬಿಸಿಲು ಜೋರೇ," ಎಂದು ಗಾಡಿಯನ್ನು ಹಿಂದಕ್ಕೆ ತೆಗೆದು ಬಂಡೆಯ ಪಕ್ಕ ನಿಲ್ಲಿಸಿದ.