ಜುಬೇದಕ್ಕನ ಷರತ್ತು

ಜುಬೇದಕ್ಕ, ನಿಮ್ಮ ಮಾತನ್ನು ಪ್ರೆಸ್ಸಿನವರು ತೆಗೆದುಹಾಕಲಿಲ್ಲ. ನಾನು ತೆಗೆಸಿದೆ. ಎಲ್ಲಿಟ್ಟರೆ ಅದು ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೇ ಅಲ್ಲಿಟ್ಟೆ. ಆಮೇಲೆ ನಿಮ್ಮೆದುರು ಕೂತು, ಪ್ರೆಸ್ಸಿನಲ್ಲಿ ಬಿಟ್ಟುಹೋಯಿತು ಎಂದೆ. ನೀವು ನಂಬಿದಿರಿ. ನನ್ನನ್ನು ಬೈಯಲು ಬಂದವರಿಗೆಲ್ಲ ಅದನ್ನೇ ಹೇಳಿ ನನ್ನನ್ನು ಉಳಿಸಿದಿರಿ ಕೂಡ.

ಇದನ್ನು ನೀವಲ್ಲದೆ ಬೇರೆಯವರೂ ಓದುತ್ತಾರೆ. ಅವರಿಗೆ ನೀವು ಯಾರೆಂದು ಗೊತ್ತಿಲ್ಲ, ನಾನು ಮಾಡಿದ್ದೇನೆಂದೂ ಗೊತ್ತಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅದೇ ನನ್ನ ಕಸುಬು ಎಂದು ಹೇಳಿಕೊಳ್ಳುತ್ತಿದ್ದೆ.

ತುರ್ತುಪರಿಸ್ಥಿತಿಯ ಕಾಲದಲ್ಲಿ ನಾನೂ ನಿಮ್ಮ ತಮ್ಮ ಅನ್ವರನೂ ತುಮಕೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದೆವು. ಅವನು ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದ. ನಾನು ಶೆಟ್ಟಿಹಳ್ಳಿಯಿಂದ ನಡೆದು ಹೋಗುತ್ತಿದ್ದೆ. ಮೇಷ್ಟ್ರು ಸ್ವಾತಂತ್ರ್ಯದ ಪಾಠ ಮಾಡುವಾಗ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಿದ್ದರು. ಆ ತಗ್ಗಿದ ದನಿಯಲ್ಲಿ ಕೇಳಿದ್ದು ನನ್ನೊಳಗೆ ಗಟ್ಟಿಯಾಗಿ ಕೂತಿತು — ಸರ್ಕಾರಕ್ಕಿಂತ, ಜಾತಿಗಿಂತ, ಮತಕ್ಕಿಂತ ಮೊದಲು ವ್ಯಕ್ತಿ. ಒಬ್ಬನ ಆಯ್ಕೆಗೆ ಅಡ್ಡ ಬರುವ ಹಕ್ಕು ಯಾವ ಗುಂಪಿಗೂ ಇಲ್ಲ. ಅನ್ವರ ಒಪ್ಪುತ್ತಿರಲಿಲ್ಲ.

"ಅಲ್ಲ ಕಣ್ಲಾ, ನಿನ್ ವ್ಯಕ್ತಿ ಏನ್ ಆಕಾಶದಿಂದ ಉದುರಿದ್ನಾ? ಒಂದ್ ಸಂತೆಗೋದ್ರೆ ಮೊದ್ಲು ಏನ್ ಕೇಳ್ತಾರೆ? ಯಾರ್ ಮಗ ನೀನು ಅಂತ ತಾನೆ?"

"ಅದನ್ನ ಕೇಳ್ಬಾರ್ದು ಅಂತಲೇ ಅಲ್ವೇನೋ ಈ ಪಾಠ ಇರೋದು."

"ಕೇಳ್ದೆ ಇದ್ರೆ ಸಾಲ ಯಾರ್ ಕೊಡ್ತಾರೆ, ಹೆಣ್ಣ್ ಯಾರ್ ಕೊಡ್ತಾರೆ? ಹೋಗೋ ಹೋಗೋ!"

ನಗುತ್ತಿದ್ದೆವು. ಪದವಿ ಮುಗಿದ ಮೇಲೆ ಅವನು ಗುಬ್ಬಿಯಲ್ಲಿ ನಿಮ್ಮ ತಂದೆಯ ಟ್ರಂಕಿನ ಅಂಗಡಿಯಲ್ಲಿ ತಗಡು ಬಡಿಯಲು ಕೂತ. ನಾನು ತುಮಕೂರಿನ ಒಂದು ದಿನಪತ್ರಿಕೆಗೆ ವರದಿಗಾರನಾಗಿ ಸೇರಿದೆ.

ನನ್ನ ಕಸುಬಿನ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಆಗ ಅಚ್ಚುಮೊಳೆಗಳನ್ನು ಕೈಯಲ್ಲಿ ಜೋಡಿಸುತ್ತಿದ್ದರು. ಪುಟದಲ್ಲಿ ಜಾಗ ಸಾಲದಿದ್ದರೆ ಫೋರ್‌ಮನ್ ವರದಿಯನ್ನು ಮತ್ತೆ ಓದುತ್ತಾ ಕೂರುವುದಿಲ್ಲ, ಕೆಳಗಿನಿಂದ ತೆಗೆಯುತ್ತಾರೆ. ಅದಕ್ಕೇ ಮುಖ್ಯವಾದದ್ದನ್ನು ಮೇಲೆ ಬರೆಯಬೇಕು, ಹೋದರೂ ನಷ್ಟವಿಲ್ಲ ಎನ್ನುವಂಥದ್ದನ್ನು ಕೊನೆಗಿಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಇದನ್ನು ಕಲಿಸಿಬಿಡುತ್ತಾರೆ. ಸೇರಿ ಏಳೆಂಟು ವರ್ಷವಾಗಿದ್ದ ನನಗೆ, ಯಾವ ಪ್ಯಾರಾ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದು ಬರೆಯುವಾಗಲೇ ತಿಳಿಯುತ್ತಿತ್ತು.

ಎಂಬತ್ತರ ದಶಕದ ನಡುವೆ ಮುಸ್ಲಿಂ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ದೇಶವೆಲ್ಲ ಮಾತಾಡುತ್ತಿತ್ತು. ಎಲ್ಲರ ಬಳಿಯೂ ಒಂದು ಅಭಿಪ್ರಾಯ ಸಿದ್ಧವಿತ್ತು. ಸಂಪಾದಕರು ನನ್ನನ್ನು ಕರೆದು, "ನಮ್ಮ ಜಿಲ್ಲೆದೇ ಒಂದು ಕೇಸ್ ಇದ್ರೆ ನೋಡ್ರಿ" ಎಂದರು. ನನಗೆ ಹುಡುಕುವ ಕೆಲಸವೇ ಇರಲಿಲ್ಲ. ನೀವಿದ್ದಿರಿ.

ನಿಮ್ಮನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಗಂಡ ಲಾರಿ ಓಡಿಸುತ್ತಿದ್ದ; ಮಾರ್ಕೋನಹಳ್ಳಿ ಕಡೆಯ ಭತ್ತ ಹೊತ್ತುಕೊಂಡು ಎಲ್ಲೆಲ್ಲಿಗೋ ಹೋಗುವವನು, ಒಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ. ನೀವು ಗುಬ್ಬಿಯ ತವರಿಗೆ ಬಂದಿರಿ. ಅವನು ಕರೆದುಕೊಂಡೂ ಹೋಗಲಿಲ್ಲ, ಬಿಟ್ಟೂ ಕೊಡಲಿಲ್ಲ. ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ ನಿಮ್ಮಲ್ಲಿದೆ — ಖುಲಾ ಎನ್ನುತ್ತೀರಿ — ಅದಕ್ಕೆ ಅವನು ಒಪ್ಪಬೇಕಿತ್ತು. ಒಪ್ಪಿಸಬಲ್ಲವರು ಕುಣಿಗಲ್ ಜಮಾತಿನ ಹಿರಿಯರು, ಅದರಲ್ಲೂ ಮಸೀದಿಯ ಉಸ್ತುವಾರಿ ಹೊತ್ತ ಮುತವಲ್ಲಿ ಸಾಬರು. ಅವರು "ಕರೆಸ್ತೀನಿ, ಮಾತಾಡ್ತೀನಿ" ಎನ್ನುತ್ತಾ ದಿನ ದೂಡುತ್ತಿದ್ದರು. ಇತ್ತ ತುಮಕೂರಿನ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಬಷೀರ್, ಹೆಂಡತಿ ತೀರಿಕೊಂಡವರು, ನಿಮ್ಮ ಬಿಡುಗಡೆಗಾಗಿ ಕಾಯುತ್ತಿದ್ದರು. ಅದನ್ನು ನನಗೆ ಹೇಳಿದ್ದು ಅನ್ವರ. ನೀವು ಹೇಳಲಿಲ್ಲ, ಆದರೆ ಅವರ ಹೆಸರು ಬಂದಾಗ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಿರಿ.

ಅಂಗಡಿಯ ಹಿಂದಿನ ನಡುಮನೆಯಲ್ಲಿ ನಾವು ಕೂತಿದ್ದೆವು. ಹೊರಗೆ ಅನ್ವರ ತಗಡು ಬಡಿಯುತ್ತಿದ್ದ. ನೀವು ಮಾತು ಶುರು ಮಾಡಿದ್ದೇ ರೇಗಿಸುತ್ತಾ.

"ಏನಪ್ಪ ರಿಪೋಟ್ರು, ಮದ್ವೆ ಆಗ್ದೆ ಇರೋ ನೀನು ನನ್ ಮದ್ವೆ ಬಿಡಿಸಾಕ್ ಬಂದಿದೀಯ?"

ನಾನು ಕಾನೂನು ಹೇಳಿದೆ. ಕೋರ್ಟಿಗೆ ಹೋದರೆ ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ, ಗಂಡ ಕೈಬಿಟ್ಟಿದ್ದಾನೆ ಎಂಬುದೇ ಸಾಕು, ವಕೀಲರನ್ನು ನಾನೇ ನೋಡುತ್ತೇನೆ ಎಂದೆ.

"ಕೋರ್ಟು ಬಿಡಿಸ್ತದೆ ಕಣಪ್ಪ, ಇಲ್ಲ ಅನ್ನಲ್ಲ. ಆಮೇಲೆ ನನ್ ನಿಕಾ ಓದೋರ್ ಯಾರು? ಜಡ್ಜಾ? ಬಷೀರ್ ಸಾಬ್ರ ತಾಯಿ ನನ್ನ ಒಳಗ್ ಸೇರಿಸ್ತಾಳಾ? ನಮ್ಮೋರ ಬಾಯಲ್ಲಿ 'ನೀನು ಬಿಡುಗಡೆ ಆದೆ' ಅಂತ ಬರ್ಬೇಕು. ಆಗ್ಲೇ ನಾನು ಬಿಡುಗಡೆ ಆದಂಗೆ."

"ಮತ್ತೆ ಅವರು ಹೇಳ್ತಾನೇ ಇಲ್ವಲ್ಲಕ್ಕ."

"ಅದಕ್ಕೇ ಬರಿ ಅಂತಿರೋದು. ಸ್ವಲ್ಪ ಮುಟ್ಟೋ ಹಂಗೆ ಬರಿ. ಹೆಸರು ಹಾಕ್ಬೇಡ. ಆದ್ರೆ ಒಂದ್ ಮಾತು ಬರೀಲೇಬೇಕು — ನಮ್ ಹಿರಿಯರ ಮೇಲೆ ನಂಗೆ ನಂಬಿಕೆ ಐತೆ, ಅವರೇ ಬಿಡಿಸ್ಕೊಡ್ತಾರೆ, ಹೊರಗಿನೋರು ನಡುವೆ ಬರೋದ್ ಬ್ಯಾಡ ಅಂತ. ಇದಿಲ್ದಿದ್ರೆ ಏನೂ ಬರೀಬ್ಯಾಡ."

"ಆಯ್ತಕ್ಕ" ಎಂದೆ.

ಆ ಷರತ್ತಿನ ಅರ್ಥ ನನಗೆ ಆಗ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿದಿತ್ತು. ಆ ಮಾತು ಇದ್ದರೆ ವರದಿ ಮುತವಲ್ಲಿ ಸಾಬರಿಗೆ ಒಂದು ಗೌರವದ ಒತ್ತಾಯವಾಗುತ್ತಿತ್ತು. ಇಲ್ಲದಿದ್ದರೆ ಅವರ ಮೇಲಿನ ದೂರು. ಆದರೆ ಬರೆಯಲು ಕೂತಾಗ ಆ ಮಾತು ನನಗೆ ಕಿರಿಕಿರಿಯಾಯಿತು. ತನ್ನ ಬಿಡುಗಡೆಗೆ ಗುಂಪಿನ ಒಪ್ಪಿಗೆ ಬೇಡುವವಳು — ನನ್ನ ಪಾಠದಲ್ಲಿ ಅಂಥ ವ್ಯಕ್ತಿಗೆ ಜಾಗವಿರಲಿಲ್ಲ. ಇದು ಅಕ್ಕನ ನಿಜವಾದ ಮಾತಲ್ಲ, ಹೆದರಿಕೆ ಆಡಿಸಿದ ಮಾತು ಅಂದುಕೊಂಡೆ. ಬಿಡುಗಡೆ ಬೇಕು, ಹಿರಿಯರ ಮೇಲೆ ನಂಬಿಕೆಯಿದೆ — ನಿಮ್ಮ ಬಾಯಿಂದ ಬಂದ ಈ ಎರಡು ಮಾತುಗಳಲ್ಲಿ ಯಾವುದು ನಿಮ್ಮದು, ಯಾವುದು ನಿಮ್ಮದಲ್ಲ ಎಂದು ತೀರ್ಮಾನಿಸಲು ನಾನು ಯಾರು — ಆ ಪ್ರಶ್ನೆ ಮಾತ್ರ ಆಗ ಏಳಲಿಲ್ಲ.

ಮಾತು ಕೊಟ್ಟಿದ್ದೆನಲ್ಲ, ಬರೆದೆ. ಕೊನೆಯ ಪ್ಯಾರಾದಲ್ಲಿ ಬರೆದೆ. ಅದರ ಮೇಲೆ, ಯಾರೂ ಕೇಳದಿದ್ದರೂ, ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಉದ್ದನೆಯ ಒಂದು ಪ್ಯಾರಾ ಸೇರಿಸಿದೆ. ಆ ಪುಟದಲ್ಲಿ ಎಷ್ಟು ಜಾಗವಿದೆ ಎಂದು ನನಗೆ ಗೊತ್ತಿತ್ತು.

ಸಂಜೆ ಫೋರ್‌ಮನ್ ಮಾದಪ್ಪನವರು ಮಸಿಯ ಕೈ ಒರೆಸಿಕೊಳ್ಳುತ್ತಾ ನನ್ನ ಮೇಜಿನ ಹತ್ತಿರ ಬಂದರು. "ಸಾರ್, ಕುಣಿಗಲ್‌ದು ಜಾಸ್ತಿ ಆಯ್ತು. ಕೆಳಗಿಂದು ತೆಗೀಲಾ?"

"ನೋಡ್ಕೊಳ್ಳಿ" ಎಂದೆ.

ಇಷ್ಟೇ. ತೆಗೆಯಿರಿ ಎನ್ನಲಿಲ್ಲ. ಬೇಡ, ಮೇಲಿನದನ್ನು ತೆಗೆದು ಅದನ್ನು ಉಳಿಸಿ ಎಂದು ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಹೇಳಲಿಲ್ಲ. ಅವರು ಹೋದ ಮೇಲೆ ಮನಸ್ಸು ಹಗುರವಾಯಿತು — ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಗುರವಾದದ್ದು ನಿಜ.

ಹೆಸರಿಲ್ಲದಿದ್ದರೇನು, ಕುಣಿಗಲ್ಲಿನಲ್ಲಿ ಯಾರ ಕಥೆ ಎಂದು ತಿಳಿಯದವರಿರಲಿಲ್ಲ. ಪತ್ರಿಕೆ ಬಂದ ದಿನವೇ ಅನ್ವರ ತುಮಕೂರಿಗೆ ಬಂದ. ಬೈಯಲಿಲ್ಲ. "ಬಾರೋ, ಮುತವಲ್ಲಿ ಸಾಬ್ರ ಹತ್ರ ಹೋಗ್ಬರಾಣ" ಎಂದಷ್ಟೇ ಹೇಳಿ ಬಸ್ಸು ಹತ್ತಿಸಿದ.

ಅವರದು ಕುಣಿಗಲ್ಲಿನಲ್ಲಿ ಹಗ್ಗ, ಮೊಳೆ, ಸಲಿಕೆ ಮಾರುವ ಅಂಗಡಿ. ನಮ್ಮನ್ನು ಕೂರಿಸಿ ಟೀ ತರಿಸಿದರು. ಪತ್ರಿಕೆ ಅವರ ಗಲ್ಲಾಪೆಟ್ಟಿಗೆಯ ಮೇಲೆ ಮಡಚಿಟ್ಟಿತ್ತು.

"ಸಾರ್, ನೀವ್ ಬರ್ದಿದ್ದು ಸುಳ್ಳು ಅನ್ನಲ್ಲ. ನಾನ್ ತಡ ಮಾಡಿದ್ದು ನಿಜ. ಆ ಡ್ರೈವರ್ ನನ್ಮಗ ಸಿಕ್ಕೋದೇ ಕಷ್ಟ. ಮುಂದಿನ ತಿಂಗಳು ಅವನ ತಂಗಿ ಮದ್ವೆ, ಬಂದೇ ಬರ್ತಾನೆ, ಆಗ ಹಿಡ್ದು ಕೂರಿಸಿ ಸದ್ದಿಲ್ದೆ ಮುಗಿಸಾಣ ಅಂತಿದ್ದೆ. ಈಗ ಕರ್ಸಿದ್ರೆ ಏನಂತಾರೆ? ಮುತವಲ್ಲಿ ಪೇಪರ್‌ನೋರಿಗೆ ಹೆದರ್ಕೊಂಡ ಅಂತಾರೆ. ಕರೆಸ್ದೆ ಇದ್ರೆ ಆ ಹೆಣ್ಮಗಳ ಕಣ್ಣೀರು ನನ್ ತಲೆ ಮೇಲೆ. ನೀವು ಓದ್ದೋರು, ನೀವೇ ಹೇಳಿ ಸಾರ್. ನಾನೇನ್ ಮಾಡ್ಲಿ?"

ಅವರು ನಿಜವಾಗಿ ಕೇಳುತ್ತಿದ್ದರು. ಹಿರಿಯರ ಮೇಲೆ ನಂಬಿಕೆಯಿದೆ ಎಂದು ನೀವು ಹೇಳಿದ್ದನ್ನು ಆಗಲಾದರೂ ಅವರಿಗೆ ತಿಳಿಸಬಹುದಿತ್ತು. ತಿಳಿಸಿದ್ದರೆ, ಏಕೆ ಅಚ್ಚಾಗಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಪಕ್ಕದಲ್ಲಿ ಅನ್ವರ ಕೂತಿದ್ದ. ನಾನು ಟೀ ಲೋಟ ನೋಡುತ್ತಾ ಕೂತೆ.

ಗುಬ್ಬಿಗೆ ಬಂದಾಗ ನೀವು ಕೇಳಿದಿರಿ: "ಆ ಮಾತು ಬರ್ದಿದ್ಯಾ?"

"ಬರ್ದಿದ್ದೆ ಅಕ್ಕ. ಪ್ರೆಸ್ಸಲ್ಲಿ ಬಿಟ್ಟೋಯ್ತು."

ನೀವು ನನ್ನ ಮುಖ ನೋಡಿ ಅನ್ವರನ ಕಡೆ ತಿರುಗಿದಿರಿ. "ಬುಡು, ಅವನೇನ್ ಮಾಡ್ತಾನೆ. ಅವನ್ ಕೈಯಾಗಿಲ್ಲ ಅದು."

ತಿದ್ದುಪಡಿ ಹಾಕಿಸಬಹುದಿತ್ತು. ಮರುದಿನ ಹಾಕಿಸಿದ್ದರೆ ಬಹುಶಃ ಮುತವಲ್ಲಿ ಸಾಬರಿಗೆ ಒಂದು ದಾರಿ ತೆರೆಯುತ್ತಿತ್ತು. ಸಂಪಾದಕರು ಒಪ್ಪುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರನ್ನು ಕೇಳಲೇ ಇಲ್ಲ. ಅಷ್ಟರಲ್ಲಿ ತುಮಕೂರಿನ ಒಂದು ಸಭೆಯಲ್ಲಿ ಭಾಷಣಕಾರನೊಬ್ಬ ನನ್ನ ವರದಿಯನ್ನು ಮೇಲೆತ್ತಿ ಹಿಡಿದು, "ನೋಡಿ, ಇವರು ತಮ್ಮ ಹೆಣ್ಣುಮಕ್ಕಳನ್ನ ಇಟ್ಕೊಳ್ಳೋದು ಹಿಂಗೆ" ಎಂದ. ಜನ ಚಪ್ಪಾಳೆ ತಟ್ಟಿದರು. ಅವನಿಗೆ ನಿಮ್ಮ ಬಿಡುಗಡೆ ಬೇಕಿರಲಿಲ್ಲ. ಬಷೀರ್ ಯಾರೆಂದು ಗೊತ್ತಿರಲಿಲ್ಲ. ನಾನು ಬರೆದ ಸ್ವಾತಂತ್ರ್ಯದ ಪ್ಯಾರಾವನ್ನೇ ಓದಿ ಹೇಳುತ್ತಿದ್ದ, ಒಂದಕ್ಷರ ಬದಲಿಸದೆ. ಆ ಸಭೆಗೆ ನಾನು ವರದಿಗಾರನಾಗಿ ಹೋಗಿದ್ದೆ. ಅವನು ಹೇಳಿದ್ದನ್ನು ಹೇಳಿದ ಹಾಗೆ, ತಪ್ಪಿಲ್ಲದೆ ಬರೆದುಕೊಟ್ಟೆ. ಅದೂ ಅಚ್ಚಾಯಿತು. ಅದರಲ್ಲಿ ಒಂದು ಸಾಲೂ ಬಿಟ್ಟುಹೋಗಲಿಲ್ಲ.

ಆಮೇಲೆ ಕುಣಿಗಲ್ಲಿನಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ನಿಮ್ಮ ಪರವಾಗಿ ಮಾತಾಡುತ್ತಿದ್ದವರೂ ಬಾಯಿ ಮುಚ್ಚಿಕೊಂಡರು — ಈಗ ಮಾತಾಡಿದರೆ ಆ ಭಾಷಣಕಾರನ ಜೊತೆ ನಿಂತ ಹಾಗೆ. ನಿಮ್ಮ ಗಂಡ ತಂಗಿಯ ಮದುವೆಗೆ ಬಂದು ಎದೆ ಉಬ್ಬಿಸಿಕೊಂಡು ಓಡಾಡಿದನಂತೆ. ಅವನನ್ನು ಗದರಿಸುವುದು ಜಮಾತಿಗೆ ಮಾಡುವ ದ್ರೋಹವಾಗಿಬಿಟ್ಟಿತ್ತು. ನಾನು ಮತ್ತೆ ಕೋರ್ಟಿನ ಮಾತೆತ್ತಿದೆ. ನೀವು ಎದ್ದು ಒಳಗೆ ಹೋದಿರಿ.

ಬಷೀರ್ ಕಾದರು. ಒಮ್ಮೆ ಸತ್ಯಮಂಗಲದ ಕಾರ್ಖಾನೆಯ ಗೇಟಿನಲ್ಲಿ ಸಿಕ್ಕಾಗ, "ಏನಾದ್ರೂ ಆಯ್ತಾ ಸಾರ್?" ಎಂದು ನನ್ನನ್ನೇ ಕೇಳಿದರು, ನಾನೇನೋ ನಿಮ್ಮ ಕಡೆಯವನು ಎಂಬಂತೆ. ಅವರಿಗೆ ಸಣ್ಣ ಮಕ್ಕಳಿದ್ದರು. ತಾಯಿ ಹಾಸಿಗೆ ಹಿಡಿದರು. ಕೊನೆಗೆ ಬೇರೆ ಕಡೆ ನಿಕಾ ಮಾಡಿಕೊಂಡರು. ಅವರನ್ನು ಯಾರೂ ದೂರಲಿಲ್ಲ. ನೀವೂ ದೂರಲಿಲ್ಲ ಎಂದು ಅನ್ವರ ಹೇಳಿದ.

ನಿಮ್ಮ ಗಂಡ ಸತ್ತದ್ದು ಆ ದಶಕದ ಕೊನೆಯಲ್ಲಿ, ಹೆದ್ದಾರಿಯಲ್ಲಿ, ಲಾರಿ ಮಗುಚಿ. ಸುದ್ದಿ ಮೊದಲು ನನ್ನ ಮೇಜಿಗೇ ಬಂತು. ಮೂರು ಸಾಲು ಬರೆದು ಕಳಿಸಿದೆ. ಖುಲಾ ಸಿಗದ ನೀವು ಕಾಗದದಲ್ಲಿ, ಊರಿನ ಕಣ್ಣಲ್ಲಿ, ಇನ್ನೂ ಅವನ ಹೆಂಡತಿಯೇ ಆಗಿದ್ದಿರಿ. ಆದ್ದರಿಂದ, ವರ್ಷಗಳಿಂದ ಮುಖ ತೋರಿಸದಿದ್ದವನಿಗಾಗಿ ವಿಧವೆಯ ಇದ್ದತ್ತಿಗೆ ಕೂತಿರಿ. ಆ ಅವಧಿ ಮುಗಿಯುವವರೆಗೆ ಹೊರಗೆ ಬರುವಂತಿಲ್ಲ, ಹೊರಗಿನ ಗಂಡಸರ ಎದುರಿಗೂ ಬರುವಂತಿಲ್ಲ.

ಮಾತಾಡಿಸಿಕೊಂಡು ಹೋಗಲು ಬಂದಿದ್ದೆ. ನಡುಮನೆಯ ಬಾಗಿಲಿಗೆ ಪರದೆ ಇತ್ತು. ಅನ್ವರ ನನ್ನ ಹೆಸರು ಹೇಳಿದ. ಒಳಗೆ ಏನನ್ನೋ ಸರಿಸಿದ ಸದ್ದಾಯಿತು, ಜೊತೆಗೆ ಬಳೆಯ ಸದ್ದಿರಲಿಲ್ಲ. ಆಮೇಲೆ ನಿಮ್ಮ ದನಿ, ಹಳೆಯ ರೇಗಿಸುವ ದನಿಯೇ:

"ಬಂದ್ಯಾ? ಬಿಡುಗಡೆ ಆಯ್ತು ಕಣಪ್ಪ ನಂಗೆ. ಈ ಸಲ ಪೇಪರ್‌ಗೆ ಹಾಕ್ಬ್ಯಾಡ."

ಅನ್ವರ ನಗಲಿಲ್ಲ. ನಾನೂ ನಗಲಿಲ್ಲ. ಒಳಗೆ ನೀವೊಬ್ಬರೇ ಸ್ವಲ್ಪ ನಕ್ಕಿರಿ.

ಪರದೆಯ ಈಚೆಯಿಂದ ಹೇಳಿಬಿಡಬಹುದಿತ್ತು. ಮುಖ ನೋಡಬೇಕಾದ ಕಷ್ಟವೂ ಇರಲಿಲ್ಲ. "ಅಕ್ಕ" ಎಂದು ಶುರು ಮಾಡಿದೆ. "ಏನು?" ಎಂದಿರಿ. "ಹುಷಾರಾಗಿರಿ" ಎಂದು ಎದ್ದು ಬಂದೆ.

ವ್ಯಕ್ತಿಯ ಸ್ವಾತಂತ್ರ್ಯವನ್ನು ನಾನು ಇವತ್ತಿಗೂ ನಂಬುತ್ತೇನೆ. ನೀವು ಬಿಡುಗಡೆ ಕೇಳಿದ್ದೂ ನ್ಯಾಯ, ಹಿರಿಯರು ತಡ ಮಾಡಿದ್ದೂ ತಪ್ಪು. ಆದರೆ ನಿಮ್ಮವರ ನಡುವೆ ತಲೆಯೆತ್ತಿ ನಡೆಯುವ ಬಿಡುಗಡೆ ಬೇಕೆಂದು ನೀವೇ ಆರಿಸಿಕೊಂಡಿರಿ, ಆ ಆಯ್ಕೆಗೆ ಅಡ್ಡ ಬಂದವನು ನಾನು. ಇದಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಬಷೀರ್ ಈಗಿಲ್ಲ, ಮುತವಲ್ಲಿ ಸಾಬರೂ ಇಲ್ಲ. ಯಾರ ಬಳಿ ಹೋಗಿ ನಿಮ್ಮ ಮಾತನ್ನು ಮುಟ್ಟಿಸಲಿ?

ಇದನ್ನು ಅಚ್ಚಿಗೆ ಕೊಡುವ ಮೊದಲು ಗುಬ್ಬಿಗೆ ಬಂದು ನಿಮಗೆ ಓದಿ ಹೇಳಬೇಕೆಂದು ಎರಡು ಸಲ ಹೊರಟೆ. ಎರಡು ಸಲವೂ ಬಸ್ ಸ್ಟ್ಯಾಂಡಿನಿಂದಲೇ ವಾಪಸು ಬಂದೆ. ಹೆಸರುಗಳನ್ನು ಬದಲಿಸಿದ್ದೇನೆ. ಅದಕ್ಕೂ ನಿಮ್ಮ ಒಪ್ಪಿಗೆ ಕೇಳಿಲ್ಲ.